ಖಾಲಿ ಕೋಣೆಯ ನಷ್ಟ ಯಾರ ತಲೆಗೆ?

ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಹೋಂಸ್ಟೇ, ಖಾನಾವಳಿ, ಹೋಟೆಲ್ ನಡೆಸುವ ಅಣ್ಣ-ಅತ್ತಿಗೆಯರಿಗೆ, ಅಕ್ಕ-ಭಾವಂದಿರಿಗೆ, ತಮ್ಮ-ತಂಗಿಯರಿಗೆ,



2025ರ ಮೇ ತಿಂಗಳ ಎರಡನೇ ವಾರದ ಬಗ್ಗೆ ನಿಮಗೆ ಬರೆಯಬೇಕು ಎಂದು ಆಗಿನಿಂದಲೂ ಅಂದುಕೊಳ್ಳುತ್ತಿದ್ದೆ. ಆ ವಾರ ಏನಾಯಿತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ನಾವು ಯಾರೂ ಒಟ್ಟಿಗೆ ಕೂತು ಅದರ ಬಗ್ಗೆ ಮಾತಾಡಲಿಲ್ಲ. ಮಳೆ ಹಿಡಿಯಿತು, ಅಡಿಕೆಗೆ ಕೊಳೆಮದ್ದು ಹೊಡೆಸುವ ಗಡಿಬಿಡಿ ಬಂತು, ಆಮೇಲೆ ಕೊಯ್ಲು. ಮಾತು ಹಾಗೇ ಬಿಟ್ಟುಹೋಯಿತು. ಬಿಟ್ಟುಹೋಗಬಾರದ ಮಾತು ಅದು.

ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಗುಂಡಿಟ್ಟು ಕೊಂದರು. ನಮ್ಮ ಪಕ್ಕದ ಶಿವಮೊಗ್ಗದ ಮಂಜುನಾಥ ರಾವ್, ಬೆಂಗಳೂರಿನ ಭರತ್ ಭೂಷಣ್ ಅವರಲ್ಲಿದ್ದರು. ಹೆಂಡತಿ ಮಕ್ಕಳ ಜೊತೆ ನಾಲ್ಕು ದಿನ ತಿರುಗಾಡಿ ಬರೋಣ ಎಂದು ಹೋದವರು. ಮೇ 7ರ ನಸುಕಿನಲ್ಲಿ ಪಾಕಿಸ್ತಾನದ ಮೇಲೆ ಆಪರೇಷನ್ ಸಿಂಧೂರ ನಡೆಯಿತು. ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಮುಚ್ಚಿದವು, ಐಪಿಎಲ್ ನಿಂತಿತು. ಅದೇ ಹೊತ್ತಿಗೆ ಅಣಕು ಕಾರ್ಯಾಚರಣೆಗೆಂದು ಹೊರಟ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ರಾಯಚೂರಿನ ಜೊತೆ ಕಾರವಾರದ ಹೆಸರೂ ಬಂತು. ಟಿವಿಯಲ್ಲಿ ಕಾರವಾರದ ನೌಕಾನೆಲೆ, ಕೈಗಾದ ಅಣುಸ್ಥಾವರ ಎಂದು ಹೆಸರು ಹೇಳಿದ್ದೇ ತಡ, ನಮ್ಮ ಫೋನು ಹೊಡೆದುಕೊಳ್ಳಲು ಶುರುವಾಯಿತು.

"ನಿಮ್ಮೂರು ಕೈಗಾಕ್ಕೆ ಹತ್ತಿರ ಅಲ್ಲವೇನ್ರೀ?" ಎಂದು ಕೇಳುತ್ತಿದ್ದರು. ಹತ್ತಿರವೇ. ಯಲ್ಲಾಪುರದಿಂದ ಕಾರವಾರಕ್ಕೆ ಹೋಗುವ ಒಂದು ದಾರಿ ಕೈಗಾ ಮೇಲೆಯೇ ಹಾಯುತ್ತದೆ. ಇದ್ದದ್ದನ್ನು ಇಲ್ಲ ಎನ್ನುವುದು ಹೇಗೆ? ಹಾಗೆಂದು ಸಾತೊಡ್ಡಿ ಜಲಪಾತದಲ್ಲಾಗಲಿ ಮಾಗೋಡು ಜಲಪಾತದಲ್ಲಾಗಲಿ ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ಹೆದರಿಕೆಗೆ ನಕಾಶೆ ಬೇಕಾಗುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಹೊರಡುವ ತಂದೆ ತಾಯಿ "ಸದ್ಯಕ್ಕೆ ಬೇಡ, ಮನೆಯಲ್ಲೇ ಇರೋಣ" ಎಂದರೆ ಅವರದು ತಪ್ಪಲ್ಲ.

10ನೇ ತಾರೀಕು ಸಂಜೆ ಕದನವಿರಾಮವಾಯಿತು. ಇನ್ನು ತಿಂಗಳ ಕೊನೆಯ ಎರಡು ವಾರವಾದರೂ ಸಿಗುತ್ತದೆ ಎಂದುಕೊಂಡೆವು. ಆದರೆ ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ಮೇಲೆ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮ ಘಟ್ಟಕ್ಕೂ ಅದರ ಬೆನ್ನಲ್ಲೇ ಸುರಿಯಿತು. ಮಾವು, ಹಲಸು, ಶಾಲೆಯ ರಜೆ ಮೂರೂ ಒಟ್ಟಿಗೆ ಕೂಡುವ ತಿಂಗಳು ಮೇ. ವರ್ಷದ ಗಳಿಕೆಯ ದೊಡ್ಡ ಪಾಲು ಅದರಲ್ಲೇ ಹುಟ್ಟಬೇಕು. ಅದರ ಒಂದು ತುದಿಯನ್ನು ಯುದ್ಧ ತಿಂದಿತು, ಇನ್ನೊಂದು ತುದಿಯನ್ನು ಮಳೆ ತಿಂದಿತು.

ಆದರೆ ನಾನು ಬರೆಯಲು ಹೊರಟದ್ದು ನಿಮ್ಮ ನನ್ನ ನಷ್ಟದ ಬಗ್ಗೆ ಅಲ್ಲ. ನಮಗೆ ತೋಟವಿದೆ. ನಾಲ್ಕು ಕೋಣೆ ಖಾಲಿ ಬಿದ್ದರೂ ರಾಶಿಯೋ ಚಾಲಿಯೋ ಒಂದಿಷ್ಟು ಅಡಿಕೆ ಸೊಸೈಟಿಗೆ ಹೋಗುತ್ತದೆ, ಅಂಗಡಿಯ ಲೆಕ್ಕ ತೀರುತ್ತದೆ. ನಾನು ಹೇಳಬೇಕಾದ್ದು ನಮ್ಮ ಅಡುಗೆಮನೆಗೆ ಬಂದು ಕೆಲಸ ಮಾಡುವವರ ಬಗ್ಗೆ.

ಆ ವಾರದ ಒಂದು ಮಧ್ಯಾಹ್ನ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಹಲಸಿನ ಹಪ್ಪಳದ ಉಂಡೆ ಕಟ್ಟುತ್ತ ಕೂತಿದ್ದಳು. ಜಗಲಿಯಲ್ಲಿ ಫೋನು ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಯಾರು ಬರುವುದಿಲ್ಲ ಎಂದರು, ಎಷ್ಟು ಜನ ಎಂದು ಕಿವಿಗೊಟ್ಟು ಕೇಳಿ ಮತ್ತೆ ಉಂಡೆ ಕಟ್ಟುವಳು. ಪಾಕಿಸ್ತಾನದ ಬಗ್ಗೆ, ಕ್ಷಿಪಣಿಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಸಂಜೆ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತ "ಅಕ್ಕಾ, ನಾಳೆಯಿಂದ ಬರ್ಲೋ ಬ್ಯಾಡ್ವೋ?" ಎಂದು ಕೇಳಿದಳು. ಯುದ್ಧದ ಸುದ್ದಿ ಅವಳಿಗೆ ತಲುಪಿದ್ದು ಆ ಒಂದು ಪ್ರಶ್ನೆಯಾಗಿ. ಅವಳಿಗೆ ತೋಟವಿಲ್ಲ. ಏಪ್ರಿಲ್, ಮೇ ತಿಂಗಳ ಕೂಲಿಯಲ್ಲೇ ಮಗನ ಶಾಲೆಯ ಫೀಸು, ಮಳೆಗಾಲಕ್ಕೆ ತಾಡಪಾಲು, ಅಕ್ಕಿ ಎಲ್ಲ ಆಗಬೇಕು.

ಇಂಥವರು ನಿಮ್ಮ ಮನೆಗಳಲ್ಲೂ ಇದ್ದಾರೆ. ಕೋಣೆ ಗುಡಿಸಿ ಹಾಸಿಗೆ ಹಾಸುವವಳು, ಬಚ್ಚಲ ಹಂಡೆಗೆ ಬೆಂಕಿ ಹಾಕುವವನು, ಜೇನುಕಲ್ಲು ಗುಡ್ಡಕ್ಕೋ ಸಾತೊಡ್ಡಿಗೋ ಜನರನ್ನು ಒಯ್ದು ತರುವ ಜೀಪಿನವನು, ಕಾಡಿನ ದಾರಿ ತೋರಿಸುವ ಸಿದ್ದಿಯೋ ಮರಾಠಿಯೋ ಹುಡುಗ. ಬುಕಿಂಗ್ ಕ್ಯಾನ್ಸಲ್ ಆದ ಕೂಡಲೇ ನಾವು ಮಾಡುವ ಮೊದಲ ಕೆಲಸ ಇವರಿಗೆ ಫೋನು ಮಾಡಿ "ಸದ್ಯಕ್ಕೆ ಬರಬೇಡ" ಎನ್ನುವುದು. ನಷ್ಟ ನಮ್ಮ ಅಂಗಳ ಮೆಟ್ಟುವ ಮೊದಲೇ ಇಳುಕಲಿನ ಮನೆಗೆ ಹರಿದುಹೋಗಿರುತ್ತದೆ.

ಹಿಂದಿನಿಂದಲೂ ಹೀಗೆಯೇ ನಡೆದಿದೆ. ಯುದ್ಧಕಾಲದ ಹೋಟೆಲುಗಳ ಕಥೆ ನಮ್ಮಲ್ಲಿ ಬಹಳ ಇವೆ, ಎಲ್ಲವೂ ಯಜಮಾನರ ಜಾಣ್ಮೆಯ ಕಥೆಗಳು. ರವೆ ಇಡ್ಲಿಯದನ್ನೇ ನೋಡಿ. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ಕೈಗೆ ಹೋಯಿತು, ಬರ್ಮಾದ ಅಕ್ಕಿ ಬರುವುದು ನಿಂತಿತು. ಅಕ್ಕಿಗೆ ರೇಷನ್ನು. ಇಡ್ಲಿಗೆ ಅಕ್ಕಿ ಎಲ್ಲಿಂದ ತರುವುದು? 1924ರಲ್ಲಿ ಶುರುವಾಗಿದ್ದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ರವೆಗೆ ಮೊಸರು ಕಲಸಿ, ಒಗ್ಗರಣೆ ಹಾಕಿ, ಹಬೆಯಲ್ಲಿ ಬೇಯಿಸಿದರು. ಇಂದು ರವೆ ಇಡ್ಲಿ ಇಲ್ಲದ ಹೋಟೆಲ್ಲೇ ಇಲ್ಲ. ಕಾಫಿಯ ಕಥೆಯೂ ಅಂಥದ್ದೇ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ಕೊಡಗು, ಚಿಕ್ಕಮಗಳೂರಿನ ಬೀಜ ಕೊಳ್ಳುವವರಿಲ್ಲದೆ ಬಿತ್ತು. ಸರ್ಕಾರ 1940ರಲ್ಲಿ ಕಾಫಿ ಮಾರುಕಟ್ಟೆಗೆಂದು ಸುಗ್ರೀವಾಜ್ಞೆ ತಂದಿತು, 1942ರಲ್ಲಿ ಕಾಯ್ದೆ ಮಾಡಿತು, ದೇಶದೊಳಗೇ ಕಾಫಿ ಕುಡಿಸುವ ಪ್ರಚಾರಕ್ಕೆ ನಿಂತಿತು. ಹೋಟೆಲುಗಳಿಗೆ ಅದರಿಂದ ಒಳ್ಳೆಯದೇ ಆಯಿತು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಓಡಿಸಿದ ಕಾಲ ಅದು. ಘಟ್ಟ ಹತ್ತುವಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು.

ಈ ಕಥೆಗಳೆಲ್ಲ ನನಗೂ ಇಷ್ಟವೇ. ಕೈಯಲ್ಲಿದ್ದದ್ದರಲ್ಲಿ ಅಡುಗೆ ಮಾಡಿ ಬಡಿಸುವುದಕ್ಕಿಂತ ದೊಡ್ಡ ವಿದ್ಯೆ ಹೋಟೆಲ್ ಕಸುಬಿನಲ್ಲಿಲ್ಲ. ಆದರೆ ಅಕ್ಕಿ ಇಲ್ಲದೆ ಬಾಗಿಲು ಹಾಕಿದ ಸಣ್ಣ ಹೋಟೆಲುಗಳ ಮಾಣಿಗಳು ಆಗ ಎಲ್ಲಿಗೆ ಹೋದರು? ಹತ್ತು ಹನ್ನೆರಡು ವರ್ಷಕ್ಕೇ ಊರು ಬಿಟ್ಟು, ಲೋಟ ತೊಳೆದು, ಬೆಂಚಿನ ಮೇಲೆ ಮಲಗಿ, ತಿಂಗಳಿಗೊಮ್ಮೆ ಮನೆಗೆ ನಾಲ್ಕು ಕಾಸು ಕಳಿಸುತ್ತಿದ್ದ ಹುಡುಗರು ಅವರು. ಅವರ ಲೆಕ್ಕ ಯಾವ ಕಥೆಯಲ್ಲೂ ಇಲ್ಲ.

1965ರಲ್ಲೂ ಅಷ್ಟೆ. ಪಾಕಿಸ್ತಾನದ ಜೊತೆ ಯುದ್ಧ, ಮೇಲೆ ಆಹಾರದ ಕೊರತೆ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕರೆ ಕೊಟ್ಟರು. ದೇಶದ ಎಷ್ಟೋ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ನಮ್ಮ ಸೀಮೆಯ ಹಿರಿಯರಲ್ಲಿ ಸೋಮವಾರ ರಾತ್ರಿ ಉಣ್ಣದೆ ಇದ್ದದ್ದನ್ನು ನೆನೆಯುವವರು ಇನ್ನೂ ಇದ್ದಾರೆ. ತಾವಾಗಿಯೇ ಮಾಡಿದ ವ್ರತ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಕೇಳಬೇಕು ಅನಿಸುತ್ತದೆ: ಮುಚ್ಚಿದ ಆ ಸಂಜೆಯ ಕೂಲಿಯನ್ನು ಮಾಣಿಗೆ ಕೊಟ್ಟರೋ ಹಿಡಿದುಕೊಂಡರೋ? ದೇಶಕ್ಕಾಗಿ ತ್ಯಾಗ ಮಾಡಿದ್ದು ಯಜಮಾನನೋ, ಮಾಣಿಯೋ?

ಈಗಿನ ಯುದ್ಧಗಳು ಇನ್ನೂ ಬೇಗ ಮನೆಯೊಳಗೆ ಬರುತ್ತವೆ. 2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಬಿದ್ದಾಗ ನಮ್ಮೂರು ವಜ್ರಳ್ಳಿಯ ಬನ್ಸಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ನಾವು ಕೊಳ್ಳುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದದ್ದು ಆ ಎರಡು ದೇಶಗಳಿಂದ. ಎಣ್ಣೆಯ ದರ ಏರಿದ್ದು ನಿಮಗೆಲ್ಲ ನೆನಪಿದೆ. ಹೋಟೆಲಿನವರು ಉರಿಸುವ 19 ಕೆಜಿ ಸಿಲಿಂಡರು ಆ ಮಾರ್ಚಿನಲ್ಲಿ ದೆಹಲಿಯಲ್ಲಿ 2,000 ದಾಟಿತು, ಮೇ ಹೊತ್ತಿಗೆ 2,300ನ್ನೂ ದಾಟಿತು. ನಮ್ಮ ಕಡೆ ಸಾಗಾಟವೂ ಸೇರಿ ಇನ್ನಷ್ಟು. ಪೇಟೆಯ ಹೋಟೆಲಿನವರು ತಿಂಡಿಯ ದರ ಏರಿಸಿದರು. ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಬಾಣಲೆ, ಎರಡು ಬೆಂಚು ಇಟ್ಟುಕೊಂಡವರು ಏರಿಸುವುದು ಹೇಗೆ? ದಿನಾ ಬರುವವರು ಕೂಲಿಯವರು, ಶಾಲೆಯ ಮಕ್ಕಳು. ಬನ್ಸು ಸಣ್ಣದಾಯಿತು, ಕೈಯಾಳು ಹೋದ, ಗಂಡ ಹೆಂಡತಿ ಇಬ್ಬರೇ ಉಳಿದರು.

ಅದೇ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ನವೀನ್ ಸತ್ತ. ಊಟದ ಸಾಮಾನು ತರಲು ಸಾಲಿನಲ್ಲಿ ನಿಂತಿದ್ದ ಹುಡುಗ. ಹಾವೇರಿ ನಮ್ಮಿಂದ ಎಷ್ಟು ದೂರ? ಶಿರಸಿ ಮಾರಿಕಾಂಬೆಯ ಜಾತ್ರೆಗೆ ಅಲ್ಲಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಜನ ಅವರು. ದೂರದ ಯುದ್ಧ ಎಂಬ ಮಾತನ್ನು ಆ ಮೇಲೆ ನಾನು ಬಳಸಿಲ್ಲ.

ಘಟ್ಟದ ಕೆಳಗಿನ ಗೋಕರ್ಣದವರನ್ನು ಕೇಳಿ ನೋಡಿ. ಕುಡ್ಲೆ, ಓಂ ಬೀಚುಗಳಿಗೆ ಇಸ್ರೇಲಿನ ಹುಡುಗ ಹುಡುಗಿಯರು ವರ್ಷಗಳಿಂದ ಬರುತ್ತಾರೆ. ಕಡ್ಡಾಯ ಸೈನ್ಯ ಸೇವೆ ಮುಗಿಸಿ, ತಿಂಗಳುಗಟ್ಟಲೆ ಉಳಿಯುತ್ತಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಾಯಿತು, ಇಸ್ರೇಲ್ 3 ಲಕ್ಷದ 60 ಸಾವಿರ ಮೀಸಲು ಸೈನಿಕರನ್ನು ವಾಪಸು ಕರೆಯಿತು. ಏರ್ ಇಂಡಿಯಾ ಟೆಲ್ ಅವೀವ್ ವಿಮಾನ ನಿಲ್ಲಿಸಿತು. ನಮ್ಮ ಕರಾವಳಿಯ ಸೀಸನ್ನು ಶುರುವಾಗುವುದೇ ಅಕ್ಟೋಬರಿನಲ್ಲಿ. ತಗಡಿನ ಮಾಡಿನ ಕೆಫೆ ಕಟ್ಟಿ, ಅವರ ಭಾಷೆಯಲ್ಲೇ ಬೋರ್ಡು ಬರೆಸಿ, ಅವರ ನಾಲಗೆಗೆ ತಕ್ಕ ಅಡುಗೆ ಕಲಿತ ನಮ್ಮ ಜಿಲ್ಲೆಯ ಹುಡುಗರು ಆ ಕುರ್ಚಿಗಳನ್ನು ಒರೆಸಿ ಇಟ್ಟುಕೊಂಡು ಕಾಯಬೇಕಾದ ಕಾಲ ಬಂತು. ಒಂದೇ ದೇಶದ ಅತಿಥಿಯನ್ನು ನಂಬಿದ ವ್ಯಾಪಾರ ಆ ದೇಶದ ಗಡಿಯ ಜೊತೆಗೇ ಮುಚ್ಚುತ್ತದೆ.

ಇನ್ನು ಇಸ್ರೇಲಿನ ಒಳಗೇನಾಯಿತು? 2019ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರು 45 ಲಕ್ಷ. 2024ರಲ್ಲಿ 10 ಲಕ್ಷದೊಳಗೆ. ಗಡಿಯ ಊರುಗಳಿಂದ ಎಬ್ಬಿಸಿ ತಂದವರಿಗೆ ಹೋಟೆಲ್ ಕೋಣೆಗಳೇ ತಿಂಗಳುಗಟ್ಟಲೆ ಮನೆಯಾದವು. ಗಾಜಾದಲ್ಲಿ ಹೋಟೆಲ್ ಎಂಬ ಮಾತಿರಲಿ, ನಿಂತ ಗೋಡೆಯೇ ಅಪರೂಪವಾಯಿತು. ಶ್ರೀಲಂಕಾದಲ್ಲಿ ಒಳಯುದ್ಧ ಮುಗಿದ 2009ರಲ್ಲಿ ಇಡೀ ವರ್ಷಕ್ಕೆ ಬಂದವರು ನಾಲ್ಕೂವರೆ ಲಕ್ಷ, ಒಂಬತ್ತು ವರ್ಷ ಶಾಂತವಾಗಿದ್ದ ಮೇಲೆ 2018ರಲ್ಲಿ 23 ಲಕ್ಷ. ಯುದ್ಧ ಎಷ್ಟನ್ನು ತಡೆದು ಹಿಡಿದಿತ್ತು ಎಂಬುದು ಅದು ನಿಂತ ಮೇಲೆಯೇ ಕಾಣುತ್ತದೆ.

ಈಗ ಒಂದು ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಹಲ್ಗಾಮ್ ಆದ ಮರುದಿನಗಳಲ್ಲಿ ನಮ್ಮವರ ಬಾಯಿಂದಲೇ ಒಂದು ಮಾತು ಕೇಳಿದೆ. "ಇನ್ನು ಕಾಶ್ಮೀರಕ್ಕೆ ಯಾರೂ ಹೋಗುವುದಿಲ್ಲ, ಎಲ್ಲ ನಮ್ಮ ಕಡೆಗೇ ಬರುತ್ತಾರೆ, ದರ ಸ್ವಲ್ಪ ಏರಿಸಿಡಿ." ಸತ್ತವರ ಶವ ಊರಿಗೆ ಬಂದು ಇಳಿಯುತ್ತಿದ್ದ ಹೊತ್ತು ಅದು. ಜಮ್ಮು ಕಾಶ್ಮೀರದಲ್ಲಿ 87 ಪ್ರವಾಸಿ ತಾಣಗಳ ಪೈಕಿ 48ನ್ನು ಮುಚ್ಚಿದರು. ಅಷ್ಟೂ ಕಡೆ ಹೋಟೆಲ್ ಮಾಣಿಗಳಿದ್ದರು, ಟ್ಯಾಕ್ಸಿಯವರಿದ್ದರು, ದೋಣಿಯವರಿದ್ದರು. ಪ್ರವಾಸಿಗರನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋಗಿ ಬದುಕುತ್ತಿದ್ದ ಸೈಯದ್ ಆದಿಲ್ ಹುಸೇನ್ ಶಾ ಎಂಬ ಹುಡುಗ, ತನ್ನನ್ನು ನಂಬಿ ಬಂದವರನ್ನು ಉಳಿಸಲು ಹೋಗಿ ಗುಂಡು ತಿಂದು ಸತ್ತ. ಅವನ ದುಡಿಮೆಯಿಂದ ಮನೆ ನಡೆಯುತ್ತಿತ್ತು. ನಮ್ಮ ಜೀಪಿನ ಹುಡುಗನಿಗೂ ಅವನಿಗೂ ಏನು ವ್ಯತ್ಯಾಸ? ಕಸುಬು ಅದೇ, ಹೊಣೆ ಅದೇ. ಅವನ ಊರು ಮುಚ್ಚಿದ್ದನ್ನು ನಮ್ಮ ಸೀಸನ್ ಎಂದುಕೊಳ್ಳುವುದು ನಮಗೆ ಒಪ್ಪುವ ಮಾತಲ್ಲ. ಅತಿಥಿಗೆ ಮೊದಲು ಬಡಿಸಿ ಆಮೇಲೆ ಉಣ್ಣುವ ಮನೆಗಳಲ್ಲಿ ಹುಟ್ಟಿದವರು ನಾವು. ದರ ಏರಿಸಿಟ್ಟವರ ಕೋಣೆಗಳೂ ಎರಡು ವಾರದಲ್ಲಿ ಖಾಲಿಯಾದವು ಎಂಬುದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಈ ಕಸುಬಿನಲ್ಲಿ ಒಬ್ಬರ ಬಾಗಿಲು ಮುಚ್ಚಿದರೆ ಇನ್ನೊಬ್ಬರ ಬಾಗಿಲು ಬಹಳ ದಿನ ತೆರೆದಿರುವುದಿಲ್ಲ ಎಂದಷ್ಟೇ ನನ್ನ ಮಾತು.

ಹಾಗಾದರೆ ಮಾಡುವುದೇನು? ಯುದ್ಧ ನಿಲ್ಲಿಸುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಆದರೆ ನಷ್ಟ ಬಂದಾಗ ಅದು ಯಾರ ತಲೆಯ ಮೇಲೆ ಎಷ್ಟು ಬೀಳಬೇಕು ಎಂಬುದು ಪೂರಾ ನಮ್ಮ ಕೈಯಲ್ಲಿದೆ. ಅದನ್ನು ನಷ್ಟ ಬರುವ ಮೊದಲೇ ತೀರ್ಮಾನಿಸಬೇಕು. ಬಂದ ದಿನ ಯಾರಿಗೂ ಯೋಚಿಸುವಷ್ಟು ತಾಳ್ಮೆ ಇರುವುದಿಲ್ಲ, ಫೋನು ಎತ್ತಿ "ಬರಬೇಡ" ಎಂದುಬಿಡುತ್ತೇವೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅಡಿಕೆ ಬೆಳೆಗಾರ ವ್ಯಾಪಾರಿಯ ಮುಂದೆ ಒಬ್ಬೊಬ್ಬನೇ ನಿಂತು ಸೋಲುತ್ತಿದ್ದ ಕಾಲದಲ್ಲಿ, 1923ರಲ್ಲಿ, ಶಿರಸಿಯಲ್ಲಿ ತೋಟಗಾರರ ಸೊಸೈಟಿ ಕಟ್ಟಿದರು. ನೂರು ವರ್ಷ ದಾಟಿತು. ಊರೂರಿಗೆ ಸೇವಾ ಸಹಕಾರಿ ಸಂಘಗಳೂ ಬಂದವು. ಅಡಿಕೆ, ಕಾಳುಮೆಣಸು, ಗೊಬ್ಬರ, ಸಾಲ ಎಲ್ಲದಕ್ಕೂ ನಮಗೆ ಸಂಘವಿದೆ. ಹೋಂಸ್ಟೇಗೆ ಮಾತ್ರ ಒಬ್ಬೊಬ್ಬರೂ ಒಂಟಿ. ಒಬ್ಬರ ದರ ಇನ್ನೊಬ್ಬರಿಗೆ ಹೇಳುವುದಿಲ್ಲ, ಬುಕಿಂಗ್ ಕಂಪನಿಗೆ ಕಮಿಷನ್ ಕೊಡುತ್ತೇವೆ, ಸಂಕಟ ಬಂದರೆ ಆ ಕಂಪನಿಗೆ ಫೋನು ಹಚ್ಚಿ ಹಾಡು ಕೇಳುತ್ತ ಕೂರುತ್ತೇವೆ.

ನನ್ನ ಸೂಚನೆ ಇಷ್ಟು. ಒಬ್ಬ ಅತಿಥಿ ಒಂದು ರಾತ್ರಿ ಉಳಿದರೆ 20 ರೂಪಾಯಿ ತೆಗೆದಿಡೋಣ. ನಿಮ್ಮೂರಿನ ಸಹಕಾರಿ ಸಂಘದಲ್ಲೇ ಅದಕ್ಕೊಂದು ಖಾತೆ ಇರಲಿ. ವರ್ಷಕ್ಕೆ ಅಂಥ 500 ಅತಿಥಿ-ರಾತ್ರಿಗಳ ಲೆಕ್ಕ ಬರುವ ಮನೆಯಿಂದ 10,000 ರೂಪಾಯಿ ಆಯಿತು. ಅಂಥ 30 ಮನೆ ಸೇರಿದರೆ 3 ಲಕ್ಷ. ಯುದ್ಧವೋ, ಗುಡ್ಡ ಕುಸಿತವೋ, ರೋಗವೋ ಬಂದು ಸೀಸನ್ ನಿಂತರೆ 40 ಜನ ಕೆಲಸದವರಿಗೆ ಹದಿನೈದು ದಿನ ದಿನಕ್ಕೆ 250ರಂತೆ ಕೊಟ್ಟರೂ ಒಂದೂವರೆ ಲಕ್ಷ. ಅರ್ಧ ಉಳಿಯುತ್ತದೆ. ಅತಿಥಿಗೆ ಕೇಳಿದರೂ 20 ರೂಪಾಯಿ ಯಾರೂ ಇಲ್ಲವೆನ್ನುವುದಿಲ್ಲ. ಕಷಾಯ ಕುಡಿದು ಎದ್ದು ಹೋಗುವಾಗ ಒಲೆಯ ಮುಂದೆ ಇದ್ದವಳ ಕೈಗೆ ನೂರರ ನೋಟು ಇಟ್ಟು ಹೋಗುವವರು ಎಷ್ಟೋ ಮಂದಿಯನ್ನು ನಾನು ನೋಡಿದ್ದೇನೆ.

ಅಡ್ವಾನ್ಸಿನ ವಿಷಯಕ್ಕೂ ಎಲ್ಲರೂ ಒಂದೇ ಮಾತಿಗೆ ಬರಬೇಕು. ಆ ಮೇ ತಿಂಗಳಲ್ಲಿ ಒಬ್ಬರು ಪೂರ್ತಿ ವಾಪಸು ಕೊಟ್ಟರು, ಒಬ್ಬರು ಅರ್ಧ ಕೊಟ್ಟರು, ಕೆಲವರು ಫೋನೇ ಎತ್ತಲಿಲ್ಲ. ಫೋನು ಎತ್ತದವರ ಹೆಸರು ಮಾತ್ರ ಕೆಡಲಿಲ್ಲ, ಇಡೀ ಸೀಮೆಯ ಹೆಸರು ಕೆಟ್ಟಿತು. ರಜೆಯಲ್ಲಿ ಬಂದ ಸೈನಿಕ ಹೆಂಡತಿ ಮಕ್ಕಳ ಜೊತೆ ಎರಡು ದಿನ ಉಳಿಯಲೆಂದು ಬುಕ್ ಮಾಡಿ, ರಜೆ ರದ್ದಾಗಿ ಗಡಿಗೆ ಹೊರಟರೆ ಅವನ ಅಡ್ವಾನ್ಸ್ ಇಟ್ಟುಕೊಳ್ಳಲು ನಿಮ್ಮ ಮನಸ್ಸು ಒಪ್ಪುತ್ತದೆಯೇ? ನನ್ನ ಅಭಿಪ್ರಾಯ ಕೇಳಿದರೆ, ಯುದ್ಧದಂಥ ಕಾರಣಕ್ಕೆ ಬಾರದವರ ದುಡ್ಡು ಪೂರ್ತಿ ವಾಪಸು ಹೋಗಬೇಕು. ಮುಂದಿನ ವರ್ಷ ಬರುತ್ತೇನೆ ಎಂದರೆ ಅದೇ ದುಡ್ಡಿಗೆ, ಅದೇ ದರಕ್ಕೆ ಕೋಣೆ ಕೊಡಬೇಕು. ಸಾಮಾನು ತಂದಿಟ್ಟು ಹಾಳಾಗಿದ್ದರೆ ಅದರ ಅರ್ಧ ಕೇಳಿ, ಬಿಲ್ಲು ತೋರಿಸಿ ಕೇಳಿ. ಬಾರದ ಊಟಕ್ಕೆ ದುಡ್ಡು ಬೇಡ.

ಇನ್ನೊಂದು ಮಾತು, ಯಾರು ಬಂದರೆ ನಾವು ಬದುಕುತ್ತೇವೆ ಎಂಬುದರ ಬಗ್ಗೆ. ಆ ಮೇ ತಿಂಗಳ ವಾರದಲ್ಲಿ ಪೂರ್ತಿ ಬಾರದೆ ಹೋದವರು ದೂರದ ಪ್ರವಾಸಿಗರು ಮಾತ್ರ. ಮಾರಿಕಾಂಬೆಗೆ ಉಡಿ ತುಂಬಲು ಬರುವವರು, ಸೋಂದೆಯ ವಾದಿರಾಜರ ಮಠಕ್ಕೆ ಬರುವವರು, ಬನವಾಸಿಯ ಮಧುಕೇಶ್ವರನಿಗೆ ಕೈ ಮುಗಿಯುವವರು ಸರ್ಕಾರಿ ಬಸ್ಸಿನಲ್ಲಿ ಬಂದರು, ದರ್ಶನ ಮಾಡಿದರು, ಉಂಡರು. ಹುಬ್ಬಳ್ಳಿ, ಹಾವೇರಿ, ಗದಗಿನ ಜನ ಅವರು. ಜೋಗ ನೋಡಲು ಶಾಲೆಯ ಮಕ್ಕಳು ಬರುವುದೂ ಅಲ್ಲಿಂದಲೇ. ನಮ್ಮಲ್ಲಿ ಕೆಲವರು ಇವರನ್ನು ಅತಿಥಿಗಳೆಂದೇ ಎಣಿಸುವುದಿಲ್ಲ. "ಬಸ್ಸಿನ ಗಿರಾಕಿ" ಎಂದು ಬಿಟ್ಟುಬಿಡುತ್ತಾರೆ. ಇವರಿಗೆ ದುಬಾರಿ ಕೋಣೆ ಬೇಡ, ಈಜುಕೊಳ ಬೇಡ. ಬಿಸಿನೀರು, ಚಾಪೆ, ಅನ್ನ, ಅಪ್ಪೆಹುಳಿ, ಒಂದು ತಂಬುಳಿ, ತೆಳ್ಳೇವು ಸಾಕು. ಸಾಲ ಮಾಡಿ ಎಸಿ ಕೂರಿಸುವುದಕ್ಕಿಂತ ಮಾಳಿಗೆಯ ಮೇಲೆ ಇಪ್ಪತ್ತು ಮಕ್ಕಳು ಮಲಗುವ ಜಾಗ ಮಾಡುವುದು ಯುದ್ಧಕಾಲಕ್ಕೂ ಶಾಂತಿಕಾಲಕ್ಕೂ ಹೆಚ್ಚು ಭದ್ರ ಎಂದು ನನಗೆ ಅನಿಸುತ್ತದೆ. ಬೆಂಗಳೂರಿನವರು ಬರಲಿ, ಬೇಡವೆಂದು ಯಾರಾದರೂ ಅಂದಾರೆಯೇ? ಆದರೆ ಹುಬ್ಬಳ್ಳಿಯವರನ್ನು ಬಿಟ್ಟು ಬೆಂಗಳೂರಿನವರನ್ನೇ ನೆಚ್ಚಬೇಡಿ. ತೋಟ ತೆಗೆದು ಕಾಟೇಜು ಕಟ್ಟಲು ಹೊರಟವರಿಗೆ ಮಾತ್ರ ಕೈ ಮುಗಿದು ಹೇಳುತ್ತೇನೆ: ಬೇಡ. ಯುದ್ಧ ಶುರುವಾದ ಮೊದಲ ದಿನವೇ ನಿಂತುಹೋಗುವ ದುಡಿಮೆ ಇದು. ಅಡಿಕೆ ಮರ ಮಾತ್ರ ಯಾವ ಸುದ್ದಿಗೂ ಕಾಯದೆ ಗೊನೆ ಬಿಡುತ್ತದೆ.

ಹಂಚಿಕೊಳ್ಳುವುದು ನಮಗೆ ಹೊಸದೂ ಅಲ್ಲ. 2021ರ ಜುಲೈನಲ್ಲಿ ನಮ್ಮ ಪಕ್ಕದ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ಮನೆ, ರಸ್ತೆ ಕೊಚ್ಚಿಹೋದಾಗ ಯಾರೂ ಯಾರನ್ನೂ "ನೀನು ಯಾರ ಮನೆಯವನು" ಎಂದು ಕೇಳಲಿಲ್ಲ. ಅಕ್ಕಿ ಹೊತ್ತು ಹೋದವರು, ಹೊದಿಕೆ ಕೊಟ್ಟವರು, ಕೋಣೆಯ ಬೀಗ ತೆಗೆದುಕೊಟ್ಟವರು ನೀವೇ. ಮಣ್ಣು ಕುಸಿದರೆ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಓಡಿಹೋಗುತ್ತೇವೆ. ಕೂಲಿ ಕುಸಿದದ್ದು ಹೊರಗೆ ಕಾಣುವುದಿಲ್ಲ. ಆಕೆ ಮಾರನೆಯ ದಿನ ಬರುವುದಿಲ್ಲ, ಅಷ್ಟೆ.

ಈ ಕಾಗದ ಓದಿ ಯಾರಾದರೂ "ಇದೆಲ್ಲ ಸರ್ಕಾರದ ಕೆಲಸವಲ್ಲವೇ" ಎನ್ನಬಹುದು. ಸರ್ಕಾರಕ್ಕೂ ಕೇಳೋಣ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಂಡ ಮನೆಗಳಿಗೆ ಸೀಸನ್ ನಿಂತ ತಿಂಗಳು ಸಾಲದ ಕಂತು ಮುಂದೂಡಿ ಎಂದು, ಗೈಡು, ಜೀಪಿನವರನ್ನು ಅಸಂಘಟಿತ ಕಾರ್ಮಿಕರ ಪಟ್ಟಿಗೆ ಸೇರಿಸಿ ಕಾರ್ಡು ಕೊಡಿ ಎಂದು ಕೇಳುವುದು ನ್ಯಾಯವೇ. ಆದರೆ ಕಾರವಾರಕ್ಕೆ ಅರ್ಜಿ ಹೋಗಿ ಬೆಂಗಳೂರಿಗೆ ಕಡತ ಮುಟ್ಟುವವರೆಗೆ ಅವಳ ಮಗನ ಫೀಸಿನ ಕೊನೆಯ ದಿನ ಕಾಯುವುದಿಲ್ಲ.

ಮೊನ್ನೆ ಶಿರಸಿ ಕಡೆಯ ಒಬ್ಬ ಅತ್ತಿಗೆ ಫೋನಿನಲ್ಲಿ "ಮತ್ತೊಂದು ಸಲ ಹೀಂಗಾದ್ರೆ ಎಂತ ಮಾಡವು ಹೇಳೇ ಗೊತ್ತಾಗ್ತಿಲ್ಲೆ" ಎಂದರು. ಆ ಮಾತು ಕೇಳಿದ ಮೇಲೆಯೇ ನಾನು ಇದನ್ನು ಬರೆಯಲು ಕೂತದ್ದು. ನನಗೂ ಎಲ್ಲ ಗೊತ್ತಿದೆ ಎಂದಲ್ಲ. 20 ರೂಪಾಯಿ ಕಡಿಮೆಯೋ ಹೆಚ್ಚೋ, ಹದಿನೈದು ದಿನ ಸಾಕೋ ಸಾಲದೋ, ಜೀಪಿನವರಿಗೆ ದಿನದ ಲೆಕ್ಕವೋ ಟ್ರಿಪ್ಪಿನ ಲೆಕ್ಕವೋ, ಎರಡು ಮನೆಯಲ್ಲಿ ದುಡಿಯುವವಳಿಗೆ ಯಾರು ಕೊಡಬೇಕು, ಇವೆಲ್ಲ ಎದುರೆದುರು ಕೂತೇ ಬಗೆಹರಿಯಬೇಕು.

ಆಷಾಢದಲ್ಲಿ ಹೇಗೂ ಕೋಣೆಗಳು ಖಾಲಿ ಇರುತ್ತವೆ. ಒಂದು ಭಾನುವಾರ ನಿಶ್ಚಯ ಮಾಡಿ ತಿಳಿಸಿ, ವಜ್ರಳ್ಳಿಯಲ್ಲಿ ಜಾಗ, ಊಟ ನಾನು ನೋಡಿಕೊಳ್ಳುತ್ತೇನೆ. ಬರುವಾಗ ನೀವೊಬ್ಬರೇ ಬರಬೇಡಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಯನ್ನು, ಜೀಪಿನವನನ್ನು, ದಾರಿ ತೋರಿಸುವ ಹುಡುಗನನ್ನು ಜೊತೆಗೆ ಕರೆತನ್ನಿ. ಅವರ ಆ ದಿನದ ಕೂಲಿ ಹಿಡಿಯಬೇಡಿ. ಮಾತು ಅವರಿಂದಲೇ ಶುರುವಾಗಲಿ.

ನಿಮ್ಮ,
ವಜ್ರಳ್ಳಿ ಸೀಮೆಯ ಒಂದು ಹೋಂಸ್ಟೇ ಅಡುಗೆಮನೆಯಿಂದ ನಿಮ್ಮ ತಂಗಿ